ಎಡಗೈ ಸಾಹೇಬ ಮತ್ತು ಭೂತಗನ್ನಡಿ ಮೇಡಂ

ಪರದೊರೆಗಳ ಆಳ್ವಿಕೆಯನ್ನು ಅವರ ಆಜ್ಞೆ, ಕಾನೂನುಗಳಲ್ಲಿ ಓದಿದ ವಿದ್ವಾಂಸರು ಬಹಳ ಮಂದಿ. ಆಳಿಸಿಕೊಂಡವರು ಆ ದೊರೆಗಳನ್ನು ನೋಡಿ ಹೇಗೆ ನಕ್ಕರು ಎಂಬುದನ್ನು ಹುಡುಕಿ ಹೊರಟವರು ಬೆರಳೆಣಿಕೆಯಷ್ಟು. ಆ ಕಾಲದ ವ್ಯಂಗ್ಯಚಿತ್ರಗಳ ಅಧ್ಯಯನಕ್ಕೆ ತಮ್ಮ ಬಾಳನ್ನೇ ತೇಯ್ದು, ಈಗ ಪತ್ರಾಗಾರದ ಚಿತ್ರವಿಭಾಗದಿಂದ ನಿವೃತ್ತರಾಗುತ್ತಿರುವ ನಮ್ಮ ಮುಖ್ಯಸ್ಥೆ ಆ ಕೆಲವರಲ್ಲಿ ಹಿರಿಯರು. ಶಿಷ್ಯವರ್ಗ ಬೆನ್ನ ಹಿಂದೆ ಅವರನ್ನು ಕರೆಯುವುದು ‘ಭೂತಗನ್ನಡಿ ಮೇಡಂ’ ಎಂದು. ಅದು ಅವರಿಗೆ ಗೊತ್ತು. ಗೊತ್ತಿಲ್ಲದವರ ಹಾಗೆ ಇಷ್ಟು ವರ್ಷ ನಟಿಸಿದ್ದು ಅವರ ದೊಡ್ಡತನ.

ದರ್ಜಿಯ ಮಗಳಾಗಿ ಹುಟ್ಟಿ, ಹೊಲಿಗೆ ಯಂತ್ರದ ಸದ್ದಿನಲ್ಲೇ ಪಾಠ ಓದಿಕೊಂಡು ಬೆಳೆದ ಅವರು ಈ ವಿಭಾಗಕ್ಕೆ ಬಂದದ್ದು ತಾತ್ಕಾಲಿಕ ಸಹಾಯಕಿಯಾಗಿ. ಆಗ ಇಲ್ಲಿನ ಮುಖ್ಯಸ್ಥರಾಗಿದ್ದವರು ದೊಡ್ಡ ಮೇಷ್ಟ್ರು: ಪಾಂಡಿತ್ಯ ಅಗಾಧ, ಕೋಪ ಮೂಗಿನ ತುದಿಯಲ್ಲಿ. ಅವರ ಜೀವಮಾನದ ಪುಸ್ತಕ ಅಚ್ಚಿಗೆ ಹೊರಟು ನಿಂತಿತ್ತು. ಸಹಾಯಕಿಯ ಕೆಲಸ ಕಾಯಂ ಆಗಬೇಕಾದರೆ ಅವರದೇ ಸಹಿ ಬೀಳಬೇಕಿತ್ತು.

ಆ ಪುಸ್ತಕದ ಜೀವಾಳ ಒಂದು ಎಡಗೈ. ಹಳೆಯ ಕಲ್ಲಚ್ಚಿನ ವಾರಪತ್ರಿಕೆಯೊಂದರಲ್ಲಿ ಗವರ್ನರ್ ಸಾಹೇಬ ಸದಾ ಎಡಗೈಯಲ್ಲೇ ಕತ್ತಿ ಹಿಡಿದಿರುತ್ತಾನೆ. ಸಾಹೇಬನ ಮುಖ ಬರೆದರೆ ಅಚ್ಚುಕೂಟಕ್ಕೆ ಬೀಗ ಎಂಬ ಆಜ್ಞೆ ಬಂದ ಮೇಲೆ ಚಿತ್ರಗಾರ ಮುಖವನ್ನೂ ಮೈಯನ್ನೂ ಬಿಟ್ಟು, ಖಾಲಿ ಕುರ್ಚಿಯ ಮೇಲೆ ಕತ್ತಿ ಹಿಡಿದ ಎಡಗೈ ಗವಸೊಂದನ್ನೇ ಬರೆದ. ಓದುಗರಿಗೆ ಅಷ್ಟು ಸಾಕಾಗಿತ್ತು. ಅದನ್ನು ಕತ್ತರಿಸಿ ಬಾಗಿಲುಗಳಿಗೆ ಅಂಟಿಸಿಕೊಂಡರು. ವಕ್ರ ಆಡಳಿತವನ್ನು ಅಣಕಿಸಲು ಚಿತ್ರಗಾರ ಮೊದಲ ದಿನದಿಂದಲೇ ಹೂಡಿದ ಸಂಕೇತವಿದು ಎಂಬುದು ದೊಡ್ಡ ಮೇಷ್ಟ್ರ ವಾದ.

ಸಹಾಯಕಿಯ ಕಣ್ಣು ಕೈಯ ಮೇಲೆ ನಿಲ್ಲಲಿಲ್ಲ, ಕೋಟಿನ ಮೇಲೆ ಹೋಯಿತು. ದರ್ಜಿಯ ಮಗಳಲ್ಲವೇ! ಗಂಡಸರ ಕೋಟಿಗೆ ಗುಂಡಿ ಬಲಕ್ಕೆ, ಹೆಂಗಸರದಕ್ಕೆ ಎಡಕ್ಕೆ. ಮೊದಲ ಚಿತ್ರದಲ್ಲಿ ಸಾಹೇಬನ ಗುಂಡಿಗಳು ಹೆಂಗಸರ ಕೋಟಿನಲ್ಲಿ ಇರಬೇಕಾದ ಕಡೆ ಇದ್ದವು. ಕಲ್ಲಿನ ಮೇಲೆ ಬರೆದದ್ದು ಕಾಗದದಲ್ಲಿ ಎಡಬಲ ತಿರುಗಿ ಮೂಡುತ್ತದೆ. ಆದ್ದರಿಂದ ಚಿತ್ರವನ್ನು ತಿರುಗಿಸಿಯೇ ಬರೆಯಬೇಕು. ಈ ಪುಣ್ಯಾತ್ಮ ಹಾಗೆ ಮಾಡಿರಲಿಲ್ಲ. ಅಡಿಬರಹ ಮಾತ್ರ ನೆಟ್ಟಗಿತ್ತು, ಏಕೆಂದರೆ ಅಕ್ಷರ ತಿರುಗಿಸಿ ಬರೆಯುವ ಕಸುಬಿನವನೇ ಬೇರೆ ಇರುತ್ತಿದ್ದ.

ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಕಾಯಂ, ಬಿಚ್ಚಿದರೆ ಮನೆ ದಾರಿ. ಕೆಲವು ದಿನ ಅವರಿಗೆ ಅನ್ನ ರುಚಿಸಲಿಲ್ಲ. ಕೊನೆಗೆ ಆ ಸಂಚಿಕೆ ಹಿಡಿದು ದೊಡ್ಡ ಮೇಷ್ಟ್ರ ಒಳಕೋಣೆಗೆ ಹೋದರು.

“ಸರ್, ಇವನ ಗುಂಡಿ ನೋಡಿ. ಚಿತ್ರಗಾರ ತಿರುಗಿಸಿ ಬರೆಯೋದನ್ನ ಮರ್ತಿದಾನೆ. ಎಡಗೈ ಬೇಕಂತ ಮಾಡಿದ್ದಲ್ಲ.”

ದೊಡ್ಡ ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಂದ್ರೆ, ನನ್ನ ಪುಸ್ತಕ ಒಬ್ಬ ಮರೆಗುಳಿ ಮೇಲೆ ನಿಂತಿದೆ ಅಂತೀಯ?”

“ಗೊತ್ತಿಲ್ಲ ಸರ್. ಬರೀ ಮರೆವಾಗಿದ್ರೆ ಆಮೇಲಿನ ಚಿತ್ರಗಳಲ್ಲಿ ಯಾಕೆ ಸರಿಮಾಡ್ಲಿಲ್ಲ? ಅದೊಂದು ನನ್ನ ತಲೆ ತಿಂತಾ ಇದೆ.”

“ತಿನ್ನಲಿ. ಹೋಗಿ ನೋಡು.”

ಅಂದು ಹಿಡಿದ ಭೂತಗನ್ನಡಿಯನ್ನು ಮೇಡಂ ಇಂದಿಗೂ ಕೆಳಗಿಟ್ಟಿಲ್ಲ. ಧೂಳಿಗೆ ಸೀನುತ್ತಾ ಆ ವಾರಪತ್ರಿಕೆಯ ಕಟ್ಟುಗಳನ್ನೆಲ್ಲ ಬಿಚ್ಚಿ ನೋಡಿದರು. ಮುಂದಿನ ಸಂಚಿಕೆಗಳಲ್ಲಿ ಗುಂಡಿಗಳು ಗಂಡಸರ ಕಡೆಗೆ ಬಂದಿದ್ದವು. ಚಿತ್ರಗಾರ ತಿರುಗಿಸಿ ಬರೆಯಲು ಕಲಿತಿದ್ದ. ಆದರೆ ಕತ್ತಿ ಎಡಗೈಯಲ್ಲೇ ಉಳಿದಿತ್ತು. ಗುಂಡಿ ಸರಿಹೋದ ಮೊದಲ ಸಂಚಿಕೆಯ ಓದುಗರ ಅಂಕಣದಲ್ಲೇ ಯಾರೋ ‘ನಮ್ಮ ಎಡಗೈ ಸಾಹೇಬರು ಕ್ಷೇಮವೇ?’ ಎಂದು ಕುಶಲ ಕೇಳಿದ್ದರು. ಜನ ನಕ್ಕಿದ್ದರು, ಚಿತ್ರಗಾರ ಎಡಗೈಯನ್ನು ಹಾಗೇ ಬಿಟ್ಟಿದ್ದ.

“ತಪ್ಪನ್ನೇ ಸಾಕ್ಕೊಂಡಿದಾನಲ್ಲಮ್ಮ ಕಳ್ಳ!” ಎಂದು ದೊಡ್ಡ ಮೇಷ್ಟ್ರು ಮೇಜು ಕುಟ್ಟಿ ನಕ್ಕರಂತೆ. ತಮ್ಮ ಅಧ್ಯಾಯವನ್ನು ಕಿತ್ತು, ಆ ಜಾಗದಲ್ಲಿ ಸಹಾಯಕಿಯ ಲೇಖನವನ್ನು ಸಹಾಯಕಿಯ ಹೆಸರಿನಲ್ಲೇ ಸೇರಿಸಿದರು. ಸಹಿಯೂ ಬಿತ್ತು. ಅಂಥ ಗುರು ಸಿಗುವುದು ಪುಣ್ಯ ಎಂದು ಮೇಡಂ ಇಂದಿಗೂ ಕಣ್ಣು ಒರೆಸಿಕೊಳ್ಳುತ್ತಾರೆ.

ಆ ಪುಣ್ಯವನ್ನು ಅವರು ನಮಗೆ ಧಾರಾಳವಾಗಿ ಹಂಚಿದ್ದಾರೆ. ಶಿಷ್ಯರ ಬರಹದಲ್ಲಿ ಎಡವಟ್ಟು ಕಂಡರೆ ಕೆಂಪು ಗೀಟು ಎಳೆದವರಲ್ಲ; “ಇದು ತಪ್ಪೋ, ಬೇಕಂತಲೋ?” ಎಂದು ಕೇಳಿ, ಉತ್ತರ ಬರುವವರೆಗೆ ಕುತೂಹಲದಿಂದ ಮುಖ ನೋಡುತ್ತಾ ಕೂರುತ್ತಿದ್ದರು. ಬೈಗುಳವೇ ವಾಸಿ ಎನಿಸುತ್ತಿತ್ತು. ಮೌಖಿಕ ಪರೀಕ್ಷೆಯ ಬೆಳಿಗ್ಗೆ ಅಂಗಿಯ ಗುಂಡಿ ಕಿತ್ತುಹೋಗಿ ಬೆವರುತ್ತಾ ನಿಂತವನನ್ನು ಹಿಡಿದು ನಿಲ್ಲಿಸಿ, ಮೇಜಿನ ಖಾನೆಯಿಂದ ಸೂಜಿ ದಾರ ತೆಗೆದು ಗುಂಡಿ ಹೊಲಿದು ಒಳಗೆ ತಳ್ಳಿದವರೂ ಇವರೇ. ಅವನೀಗ ಇದೇ ವಿಭಾಗದ ಗ್ರಂಥಪಾಲಕ.

ಅವರ ಗೌರವಕ್ಕೆಂದು ನಾವು ತರುತ್ತಿರುವ ಈ ಸಂಪುಟದ ಮುಖಪುಟಕ್ಕೆ ವಿಭಾಗದ ಹಳೆಯ ಅಚ್ಚುಕಲ್ಲಿನ ಮೇಲೆಯೇ ಮೇಡಂ ಅವರ ಚಿತ್ರ ಬರೆಯುತ್ತೇನೆಂದು ಅವರ ಕಿರಿಯ ಶಿಷ್ಯೆ ಹಟ ಹಿಡಿದಳು. ಅಚ್ಚು ತೆಗೆದು ನೋಡಿದರೆ ಭೂತಗನ್ನಡಿ ಎಡಗೈಯಲ್ಲಿ! ಮೇಡಂ ಬಲಗೈಯವರು. ಕಲ್ಲಚ್ಚಿನ ಮೇಲೆ ಅವರದೇ ಪಾಠ ಕೇಳಿದವಳು ತಿರುಗಿಸಿ ಬರೆಯುವುದನ್ನೇ ಮರೆತಿದ್ದಳು. ಮುಚ್ಚಿಡುವಷ್ಟರಲ್ಲಿ ಮೇಡಂ ಬಂದರು. ಭೂತಗನ್ನಡಿ ಹಿಡಿದು ಮೊದಲು ನೋಡಿದ್ದು ಚಿತ್ರದಲ್ಲಿದ್ದ ತಮ್ಮ ಕೆಲಸದ ಕೋಟಿನ ಗುಂಡಿಗಳನ್ನು.

“ಗಂಡಸಾಗಿಬಿಟ್ಟೆನಲ್ಲೇ!” ಎಂದು ನಗಲಾರಂಭಿಸಿದವರು ಕುರ್ಚಿ ಹಿಡಿದು ಕೂರಬೇಕಾಯಿತು.

“ತಪ್ಪಾಯ್ತು ಮೇಡಂ, ಇನ್ನೊಂದು ಬರೀತೀನಿ” ಎಂದಳು ಹುಡುಗಿ, ಅಳುವೊಂದೇ ಬಾಕಿ.

“ಬರಿ. ಗುಂಡಿ ಸರಿಮಾಡು. ಕೈ ಹಾಗೇ ಇರ್ಲಿ.”

ಓದುಗರು ಮುಖಪುಟದಲ್ಲಿ ಕಾಣುತ್ತಿರುವುದು ಆ ಎರಡನೆಯ ಅಚ್ಚನ್ನು. ದೊಡ್ಡ ಮೇಷ್ಟ್ರು ಬಿಚ್ಚದೆ ಬಿಟ್ಟುಹೋದ ಕಟ್ಟುಗಳು ಇನ್ನೂ ಕಪಾಟಿನಲ್ಲಿವೆ. ನಿವೃತ್ತಿಯ ಮರುದಿನವೂ ಬರುತ್ತೇನೆಂದು ಮೇಡಂ ಈಗಾಗಲೇ ಎಚ್ಚರಿಸಿದ್ದಾರೆ. ಅವರ ಬಲಗೈಗೂ, ನಾವು ಕೊಟ್ಟ ಈ ಎಡಗೈಗೂ ದೀರ್ಘಾಯುಷ್ಯ ಲಭಿಸಲಿ. ಭೂತಗನ್ನಡಿ ಯಾವ ಕೈಯಲ್ಲಿದ್ದರೂ ಸರಿ, ಕೆಳಗಿಳಿಯದಿರಲಿ.