ಚಿಕ್ಕಜ್ಜನ ಬಸ್ಸಿಗೆ ಒಂದು ಯೂನಿಟ್ ಬಿಸಿಲು

ಎಲ್ಲಿದ್ದೆ ನಾನು? ಹಾಂ, ಆ ಬಸ್ಸು. ಕಾಲು ಚಾಚಿ ಕೂತುಕೋ ಪುಟ್ಟಿ, ಇದು ಎರಡು ಮಾತಿನಲ್ಲಿ ಮುಗಿಯುವುದಲ್ಲ. ನಮ್ಮ ಅಂಗಳದಲ್ಲಿ ನಿಂತಿರುವ ಬಸ್ಸಿನೊಳಗೆ ಮಂಚ ಯಾಕೆ, ಒಲೆ ಯಾಕೆ, ಕಿಟಕಿಗೆ ಹೂವಿನ ಪರದೆ ಯಾಕೆ ಅಂತ ಕೇಳಿದೆಯಲ್ಲ, ಅದು ನಿನ್ನ ಚಿಕ್ಕಜ್ಜನ ಮನೆ. ಚಿಕ್ಕಜ್ಜ ಅಂದರೆ ನನ್ನ ತಂಗಿಯ ಗಂಡ. ನನಗಿಂತ ಚಿಕ್ಕವನು, ಅದಕ್ಕೇ ನನ್ನ ಬಾಯಲ್ಲಿ ಏಕವಚನ. ನೀನು ಮಾತ್ರ ಆ ಅಭ್ಯಾಸ ಮಾಡಿಕೊಳ್ಳಬೇಡ.

ಮೀಸೆ ಬಂದಾಗಿನಿಂದ ತಲೆ ನೆರೆಯುವವರೆಗೂ ಅವನು ಬಸ್ ಡ್ರೈವರು. ಊರಿನವರನ್ನೆಲ್ಲ ಮದುವೆಗೆ, ಆಸ್ಪತ್ರೆಗೆ, ಪರೀಕ್ಷೆಗೆ ಮುಟ್ಟಿಸಿದ. ಕಟ್ಟಿಕೊಂಡವಳನ್ನು ಮಾತ್ರ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ರಜೆ ಸಿಕ್ಕಿದ ದಿನ ಡ್ರೈವರಿಗೆ ನಿದ್ದೆ ಬೇಕು ತಾನೆ? ನಿವೃತ್ತನಾದ ಮೇಲೆ ಗುಜರಿಗೆ ಹೊರಟಿದ್ದ ಸಣ್ಣ ಬಸ್ಸೊಂದನ್ನು ತಂದು, ಸೀಟು ಕಿತ್ತು, ಮನೆ ಮಾಡಿದ. ಸಮುದ್ರ ಕಾಣುವವರೆಗೂ ಹೋಗೋಣ ಅಂತ ಹೆಂಡತಿಗೆ ಮಾತು ಕೊಟ್ಟ. ಆದರೆ ನನ್ನ ತಂಗಿಗೆ ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ಮೂಗಿಗೊಂದು ಮುಖವಾಡ ಹಾಕಿಕೊಂಡು, ಗಾಳಿ ತಳ್ಳುವ ಯಂತ್ರ ಹಚ್ಚಿಕೊಂಡೇ ಮಲಗಬೇಕು. ಬಸ್ಸಿನಲ್ಲಿ ಆ ಯಂತ್ರ ಬೆಳಗಿನವರೆಗೂ ಓಡಿದರೆ ಅವಳು ಹೊರಡುತ್ತಾಳೆ, ಇಲ್ಲದಿದ್ದರೆ ಇಲ್ಲ. ವಿಷಯ ಇಷ್ಟೇ.

ಸರಿ, ಬ್ಯಾಟರಿ ಅಂಗಡಿಗೆ ಹೋದ. ಅಲ್ಲಿಯವನಿಗೆ ಎಲ್ಲರೂ ಮೇಷ್ಟ್ರು ಅನ್ನುತ್ತಾರೆ, ಟಾರ್ಚಿಗೆ ಸೆಲ್ ಕೇಳಿದರೂ ಪಾಠ ಮಾಡಿಯೇ ಕೊಡುತ್ತಾನೆ. ಅಂಗಡಿ ತುಂಬ ಆಸಿಡ್ ವಾಸನೆ, ಕೂರಲು ಸತ್ತ ಬ್ಯಾಟರಿಯೇ ಸ್ಟೂಲು.

“ಯಂತ್ರ ಎಷ್ಟು ವ್ಯಾಟು?”

“ನಲವತ್ತು ಅಂತ ಬರೆದಿದೆ.”

“ಎಂಟು ಗಂಟೆ ಮಲಗಿದ್ರೆ ಮುನ್ನೂರಿಪ್ಪತ್ತು. ಫ್ರಿಜ್ಜು, ಫ್ಯಾನು, ದೀಪ ಸೇರಿಸಿ ದಿನಕ್ಕೆ ಸಾವಿರ ಇಟ್ಕೊಳ್ಳಿ. ಅಂದ್ರೆ ಒಂದು ಯೂನಿಟ್ಟು.”

“ಸಾವಿರ ವ್ಯಾಟಾ?”

“ವ್ಯಾಟಲ್ಲ ಡ್ರೈವರ್ ಸಾಹೇಬ್ರೇ, ವ್ಯಾಟ್-ಅವರ್. ನಿಮ್ಮ ಲೆಕ್ಕದಲ್ಲೇ ಹೇಳ್ತೀನಿ. ವ್ಯಾಟು ಅಂದ್ರೆ ಸ್ಪೀಡು, ಯೂನಿಟ್ಟು ಅಂದ್ರೆ ಓಡಿದ ದೂರ.”

“ಮತ್ತೆ ಈ ಡಬ್ಬದ ಮೇಲೆ ಆಂಪ್-ಅವರ್ ಅಂತಿದೆಯಲ್ಲ?”

“ಅದನ್ನ ಹನ್ನೆರಡು ವೋಲ್ಟಿಂದ ಗುಣಿಸಿ. ಇನ್ನೂರರ ಬ್ಯಾಟರಿ ಅಂದ್ರೆ ಎರಡು ಸಾವಿರದ ನಾನೂರು. ಆದ್ರೆ ಅರ್ಧ ಮಾತ್ರ ಬಳಸ್ಬೇಕು. ಪೂರ್ತಿ ಇಳಿಸಿದ್ರೆ ಬೇಗ ಸಾಯುತ್ತೆ.”

“ಟ್ಯಾಂಕ್ ತುಂಬಿಸಿ ಅರ್ಧ ಮುಟ್ಟಬೇಡ ಅಂದ್ರೆ, ಆ ಅರ್ಧ ಯಾರಿಗೆ ಮೇಷ್ಟ್ರೇ? ನಿಮ್ಮ ಮಾವನಿಗಾ?”

ಮೇಷ್ಟ್ರು ನಕ್ಕು ಆ ಇನ್ನೂರರ ಬ್ಯಾಟರಿಯನ್ನೇ ಬಸ್ಸಿಗೆ ಹಾಕಿದ. ಮುನ್ನೂರು ವ್ಯಾಟಿನ ಒಂದು ಸೋಲಾರ್ ಪ್ಯಾನೆಲ್ ಸಾಕು, ನಾಲ್ಕು ಗಂಟೆ ಒಳ್ಳೆ ಬಿಸಿಲು ಬಿದ್ದರೆ ಯೂನಿಟ್ಟಿನ ಮೇಲೇ ಬರುತ್ತದೆ ಅಂತ ಹೇಳಿ ಬಸ್ಸಿನ ನೆತ್ತಿಗೆ ಕೂರಿಸಿಕೊಟ್ಟ. ಸ್ಟೇರಿಂಗ್ ಪಕ್ಕದಲ್ಲಿ, ಪ್ಯಾನೆಲಿನಿಂದ ಎಷ್ಟು ಬರುತ್ತಿದೆ ಅಂತ ತೋರಿಸುವ ಪುಟ್ಟ ಮೀಟರ್ ಕೂಡ ಹಚ್ಚಿದ. ಮನೆ ಮುಟ್ಟುವಷ್ಟರಲ್ಲಿ ಸ್ಪೀಡು ಯಾವುದು, ದೂರ ಯಾವುದು ಎಲ್ಲ ಕಲಸಿಹೋಗಿ ಚಿಕ್ಕಜ್ಜನ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು.

ಹೊರಡುವ ಮೊದಲು ಮನೆ ಮುಂದೆಯೇ ಬಸ್ಸಿನಲ್ಲಿ ಮಲಗಿ ನೋಡೋಣ ಅಂತ ಇಬ್ಬರೂ ತೀರ್ಮಾನಿಸಿದರು. ಮೊದಲ ರಾತ್ರಿ ಚೆನ್ನಾಗಿ ಕಳೆಯಿತು, ಅಂಗಡಿಯಲ್ಲೇ ತುಂಬಿಸಿದ ಬ್ಯಾಟರಿಯಲ್ಲವೆ? ಎರಡನೇ ರಾತ್ರಿ ಬೆಳಕು ಹರಿಯುವ ಮೊದಲೇ ಯಂತ್ರ ನಿಂತಿತು. ನನ್ನ ತಂಗಿ ಏದುಸಿರು ಬಿಡುತ್ತ ಎದ್ದು ಕೂತು, ಮುಖವಾಡ ಕಿತ್ತು ಅವನ ಮಡಿಲಿಗೆ ಹಾಕಿದಳು.

“ನೀವೊಬ್ರೇ ಸಮುದ್ರ ನೋಡ್ಕೊಂಡು ಬನ್ನಿ. ನಂಗೆ ಒಂದು ಬಾಟ್ಲಿ ನೀರು ತನ್ನಿ ಸಾಕು.”

ಅವಳಿಗೆ ಮಾತು ಚುಚ್ಚುವುದು ನಮ್ಮಮ್ಮನಿಂದ ಬಂದದ್ದು, ಅದರ ಕಥೆ ಬೇರೆ, ಇನ್ನೊಮ್ಮೆ ಹೇಳುತ್ತೇನೆ. ಚಿಕ್ಕಜ್ಜ ಬಸ್ಸನ್ನು ನೆಟ್ಟಗೆ ಅಂಗಡಿಗೆ ಓಡಿಸಿದ. ಅಂಗಡಿ ಮುಂದಿನ ಬಯಲಿನಲ್ಲಿ ನೋಡಿದರೆ ಮೀಟರ್ ಇನ್ನೂರೈವತ್ತು ವ್ಯಾಟು ತೋರಿಸುತ್ತಿದೆ!

“ಎಲ್ಲ ಸರಿಯಿದೆಯಲ್ರೀ. ನಿಮ್ಮ ಕಡೆ ಬಿಸಿಲು ಚೆನ್ನಾಗಿದೆ ತಾನೆ?” ಮೇಷ್ಟ್ರು ಕೇಳಿದ.

“ಬಿಸಿಲಾ? ಊರೇ ಸುಡ್ತಾ ಇದೆ!”

ಸುಳ್ಳೇನಲ್ಲ. ಲೆಕ್ಕ ಕಡಿಮೆಯಾಗಿರಬೇಕು ಅಂತ ಚಿಕ್ಕಜ್ಜ ಅಂಥದೇ ಇನ್ನೊಂದು ಪ್ಯಾನೆಲ್ ಹಾಕಿಸಿದ. ಮನೆಗೆ ತಂದ. ಮತ್ತೆ ಅದೇ ಗೋಳು. ಅಂಗಡಿಯಲ್ಲಿ ಕುಣಿಯುವ ಮೀಟರ್ ಮನೆ ಮುಂದೆ ಮಕಾಡೆ ಮಲಗುತ್ತದೆ. ಬ್ಯಾಟರಿಗೆ ಅವರ ಬೀದಿ ಕಂಡರೆ ಆಗುವುದಿಲ್ಲವೋ, ವೈರಿಗೆ ಹೊಟ್ಟೆನೋವೋ, ಅವನಿಗೆ ದಿಕ್ಕೇ ತೋಚಲಿಲ್ಲ. ಊಟದ ತಟ್ಟೆ ಮುಂದೆ ಕೂತು ಹನ್ನೆರಡರಿಂದ ಏನನ್ನೋ ಗುಣಿಸುತ್ತಿದ್ದನಂತೆ.

ಒಂದು ಮಧ್ಯಾಹ್ನ ಬಸ್ಸನ್ನು ಹಿಂದಕ್ಕೆ ತಂದು ನಿಲ್ಲಿಸುವಾಗ ಮೀಟರ್ ಮೇಲೆ ಕಣ್ಣು ಬಿತ್ತು. ಸರ್ರನೆ ಇಳಿಯಿತು. ಮುಂದಕ್ಕೆ ಬಿಟ್ಟ, ಏರಿತು. ರಿವರ್ಸ್ ಹಾಕಿದ, ಇಳಿಯಿತು. ಮತ್ತೆ ಮುಂದೆ, ಮತ್ತೆ ಹಿಂದೆ.

“ಇವಳೇ, ಬಾ ಇಲ್ಲಿ! ಸಿಕ್ಕಿತು ಕಳ್ಳ! ರಿವರ್ಸ್ ಗೇರ್ ಕರೆಂಟು ಕುಡೀತಾ ಇದೆ!”

ನನ್ನ ತಂಗಿ ಬಟ್ಟೆ ಒಣಹಾಕುತ್ತಿದ್ದವಳು ಬಂದು ಬಸ್ಸು ನೋಡಿದಳು, ಮೇಲೆ ನೋಡಿದಳು.

“ರೀ, ಮರದ ಕೆಳಗೆ ತಂದು ನಿಲ್ಲಿಸಿ ಬಿಸಿಲೆಲ್ಲಿ ಅಂತ ಹುಡುಕ್ತಿದೀರಲ್ರೀ!”

ಬಸ್ಸು ಬಿಸಿಲಿಗೆ ಕಾದರೆ ಹತ್ತುವ ಜನ ಬೈಯುತ್ತಾರೆ ಅಂತ ಕೆಲಸದುದ್ದಕ್ಕೂ ನೆರಳು ಹುಡುಕಿಯೇ ನಿಲ್ಲಿಸಿದವನು ಅವನು. ಕಣ್ಣು ಕಟ್ಟಿ ಬಿಟ್ಟರೂ ಅವನ ಕೈ ಸ್ಟೇರಿಂಗನ್ನು ಮರದ ಕಡೆಗೇ ತಿರುಗಿಸುತ್ತದೆ. ತನ್ನ ಕೈಯನ್ನೇ ನೋಡಿಕೊಂಡು ಕೂತುಬಿಟ್ಟ, ಪಾಪ.

ಕಥೆ ಮುಗಿಯಿತು ಅಂದುಕೊಂಡೆಯಾ? ಬಿಸಿಲಿಗೆ ನಿಲ್ಲಿಸಿದರೆ ಬ್ಯಾಟರಿ ತುಂಬಿತು, ಬಸ್ಸು ಕಾದ ಹಂಚಾಯಿತು. ನನ್ನ ತಂಗಿ ಬೆವರು ಒರೆಸುತ್ತ ಇಳಿದೇ ಹೋದಳು. ನೆರಳಾದರೆ ಯಂತ್ರ ನಿಲ್ಲುತ್ತದೆ, ಬಿಸಿಲಾದರೆ ಹೆಂಡತಿ ನಿಲ್ಲುವುದಿಲ್ಲ. ಅವನು ಮರಕ್ಕೂ ಬಯಲಿಗೂ ನಡುವೆ ಬಸ್ಸು ನಿಲ್ಲಿಸಿಕೊಂಡು ಮಂಕಾಗಿ ಕೂತ.

“ಒದ್ದೆ ಬಟ್ಟೆ ಬಿಸಿಲಿಗೆ ಹಾಕ್ಬೇಕು ಅಂತ ನಾನೇನು ಮನೇನ ಬಿಸಿಲಿಗೆ ಎಳೀತೀನಾ?” ಅಂದಳು ಅವಳು. “ಹೆಚ್ಚಿಗೆ ಒಂದು ಪ್ಯಾನೆಲ್ ತಂದಿದ್ದೀರಲ್ಲ, ಅದನ್ನ ಕೆಳಗಿಳಿಸಿ ಆಚೆ ಬಿಸಿಲಲ್ಲಿ ಇಡಿ. ಉದ್ದ ವೈರು ಸಿಗಲ್ವಾ?”

ಮೇಷ್ಟ್ರಲ್ಲಿ ದಪ್ಪ ವೈರು ಸಿಕ್ಕಿತು. ಪ್ಯಾನೆಲಿಗೆ ಮರದ ಚೌಕಟ್ಟು, ಹಳೇ ಕುರ್ಚಿಯ ಕಾಲು. ಬಸ್ಸು ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ. ಆ ರಾತ್ರಿ ಯಂತ್ರ ಬೆಳಗಿನವರೆಗೂ ಗುಯ್‌ಗುಟ್ಟಿತು, ಮರುದಿನವೂ. ಚಿಕ್ಕಜ್ಜ ಮಾತ್ರ ಈಗಲೂ ವ್ಯಾಟು ಸ್ಪೀಡೋ ದೂರವೋ ಅಂತ ನನ್ನನ್ನು ಕೇಳುತ್ತಾನೆ. ನನಗೇನು ಗೊತ್ತು?

ಅಂತೂ ಸಮುದ್ರಕ್ಕೆ ಹೊರಟಿದ್ದಾರೆ. ನಾಳೆ ಬೆಳಿಗ್ಗೆ ಇಲ್ಲಿಂದ ಮುಂದಕ್ಕೆ. ಇವತ್ತು ರಾತ್ರಿ ನಮ್ಮ ಅಂಗಳದಲ್ಲೇ ಅವಳ ನಿದ್ದೆ. ಒಳಗೆ ಮಲಗು ಅಂದರೆ ಕೇಳಬೇಕಲ್ಲ, ಬಸ್ಸೇ ಬೇಕಂತೆ. ಅಯ್ಯೋ, ಅಲ್ಲಿ ನೋಡು, ಮಾತಿನಲ್ಲಿ ಮರೆತೇಬಿಟ್ಟೆ! ಕಾಂಪೌಂಡಿನ ನೆರಳು ಪ್ಯಾನೆಲ್ ಮೇಲೆ ಅರ್ಧ ಬಂದುಬಿಟ್ಟಿದೆ. ಅವನೋ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾನೆ. ಏಳು ಪುಟ್ಟಿ, ಓಡು, ಅದನ್ನು ಬಾವಿಯ ಕಡೆ ಬಿಸಿಲಿಗೆ ಸರಿಸಿಡು. ಚೌಕಟ್ಟು ಹಿಡಿದು ಎತ್ತು ಮತ್ತೆ, ವೈರು ಹಿಡಿದು ಎಳೆದೀಯ!