ಮಾಳಮ್ಮನ ಕುಂಕುಮಕ್ಕೆ ನನ್ನ ಹಣೆ

೧೯೮೧ರಲ್ಲಿ ನಾನು ಹುಮನಾಬಾದಿನಲ್ಲಿ ನೇತ್ರ ಸಹಾಯಕನಾಗಿದ್ದೆ. ಆಪರೇಷನ್ ಡಾಕ್ಟರದು; ಮೊದಲು ದೃಷ್ಟಿ ಅಳೆಯುವುದು, ಆಮೇಲೆ ಕನ್ನಡಕ ಹೊಂದಿಸುವುದು ನನ್ನದು. ಇಪ್ಪತ್ತಾರರ ಪ್ರಾಯ, ಎಲ್ಲ ತಿಳಿದವನೆಂಬ ಗತ್ತು ಬೇರೆ.

ಬಸವಕಲ್ಯಾಣದ ಕಣ್ಣಿನ ಶಿಬಿರಕ್ಕೆ ಮುಡಬಿಯಿಂದ ಮಾಳಮ್ಮ ಎಂಬ ಅರವತ್ತೈದರ ಹೆಂಗಸು ಬಂದರು. ಜೊತೆಗೆ ಗಂಡ ಬೀರಪ್ಪ, ಕುರಿ ಕಾಯುತ್ತ ಕೂಗಿ ಕೂಗಿ ದನಿ ದೊಡ್ಡದಾದವರು. ಆಕೆ ತೋರಿಸಿದ್ದು ಮಾತ್ರ ಮೊಣಕಾಲನ್ನು.

"ಕಾಲ ನೋವ್ರಿ ಸಾಹೇಬ್ರ. ಅದಕ್ಕ ಯಾರ ಮದುವಿಗೂ ಹೋಗಂಗಿಲ್ರಿ."

"ಸುಳ್ಳ ಹೇಳಾಕತ್ತಾಳ್ರಿ," ಎಂದು ಬೀರಪ್ಪ ಬಾಯಿ ಹಾಕಿದರು. "ಹೋದ ವರ್ಷ ಮದುಮಗಳ ಮೂಗಿಗೆ ಕುಂಕುಮ ಹಚ್ಚಿದ್ಳು. ಮಂದಿ ನಕ್ಕರು. ಅವತ್ತಿಂದ ಹೊಸ್ತಿಲ ದಾಟಿಲ್ಲ."

ಅವರ ಕಡೆ ಮದುವೆಯಲ್ಲಿ ಐವರು ಮುತ್ತೈದೆಯರು ಮದುಮಗಳಿಗೆ ಕುಂಕುಮ ಹಚ್ಚುತ್ತಾರೆ. ಬಳಗದಲ್ಲಿ ಮೊದಲ ಕೈ ಎಷ್ಟೋ ವರ್ಷಗಳಿಂದ ಮಾಳಮ್ಮನದು. ಎರಡು ತಿಂಗಳಿಗೆ ರಾಜೇಶ್ವರದಲ್ಲಿ ತಂಗಿಯ ಮೊಮ್ಮಗಳ ಮದುವೆ ಇತ್ತು. ಅಲ್ಲಿ ಆ ಕೈ ಬೇರೆಯವರದಾಗುವುದರಲ್ಲಿತ್ತು.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದಕ್ಕೆ ಆಪರೇಷನ್ ಆಯಿತು. ಕಣ್ಣೊಳಗೇ ಲೆನ್ಸ್ ಕೂರಿಸುವುದು ಆಗ ನಮ್ಮಲ್ಲಿಗೆ ಬಂದಿರಲಿಲ್ಲ. ಪೊರೆ ತೆಗೆದು, ಜನ ಸೋಡಾಗ್ಲಾಸು ಎನ್ನುವ ದಪ್ಪ ಕನ್ನಡಕ ಕೊಡುತ್ತಿದ್ದೆವು. ಆರು ವಾರದ ನಂತರ ಮಾಳಮ್ಮ ಅದನ್ನು ಹಾಕಿಕೊಂಡು ಚಾರ್ಟಿನಲ್ಲಿ ೬/೧೨ರ ಸಾಲಿನವರೆಗೆ ಗುರುತಿಸಿದರು. ಅಂದರೆ ಒಳ್ಳೆಯ ಕಣ್ಣು ಹನ್ನೆರಡು ಮೀಟರಿನಿಂದ ಕಾಣುವುದನ್ನು ಆಕೆ ಆರು ಮೀಟರಿನಿಂದ ಕಂಡರು. ನಾನು ಕಾರ್ಡಿನ ಮೇಲೆ 'ಯಶಸ್ವಿ' ಎಂದು ಬರೆದು ಬೀಗಿದೆ.

ನಾಲ್ಕೇ ದಿನಕ್ಕೆ ಆಕೆ ಮರಳಿ ಬಂದು ಕನ್ನಡಕವನ್ನು ಮೇಜಿನ ಮೇಲಿಟ್ಟರು. "ಇದನ್ನ ನೀವಽ ಹಾಕ್ಕೊಳ್ರಿ."

ಮನೆಯಲ್ಲಿ ಸೊಸೆಗೆ ಕುಂಕುಮ ಹಚ್ಚಲು ಹೋದರೆ ಕೈ ಹಣೆ ಮುಟ್ಟುವ ಮೊದಲೇ ನಿಂತು, ಕುಂಕುಮ ನೆಲಕ್ಕೆ ಬಿದ್ದಿತ್ತು. ಆ ಕನ್ನಡಕದಲ್ಲಿ ಎಲ್ಲವೂ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ನನಗದು ಗೊತ್ತಿತ್ತು. ಆಕೆಗೆ ಹೇಳಿರಲಿಲ್ಲ.

"ಕಣ್ಣ ಕಾಣಂಗಿಲ್ಲಂದ್ರ ಮಂದಿ ಅಯ್ಯೋ ಅಂತಾರ. ಕನ್ನಡಕ ಹಾಕ್ಕೊಂಡೂ ತಪ್ಪಿದ್ರ ಹುಚ್ಚಿ ಅಂತಾರ್ರಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ನನಗೆ ನಾಚಿಕೆಯಾಯಿತು. ಮದುವೆಗೆ ಉಳಿದದ್ದು ಹತ್ತು ದಿನ. ಕುಂಕುಮ ತರಿಸಿ ಎದುರಿಗೆ ಕುಳಿತೆ. "ನನಗ ಹಚ್ರಿ ಆಯಿ."

ಮೊದಲನೆಯದು ಅಂಗಿಗೆ ಬಿತ್ತು, ಎರಡನೆಯದು ಹುಬ್ಬಿಗೆ. ಎಡಗೈಯಿಂದ ಗದ್ದ ಹಿಡಿದುಕೊಳ್ಳಿ, ಬಲಗೈ ದಾರಿ ಕಂಡುಕೊಳ್ಳುತ್ತದೆ ಎಂದೆ. ಹಾಗೆ ಮಾಡಿದ ಮೇಲೆ ಕುಂಕುಮ ಹಣೆಗೇರಿತು. ನರ್ಸು, ಕಾಂಪೌಂಡರು, ಜೀಪಿನ ಡ್ರೈವರು, ಎಲ್ಲರೂ ಹಣೆಯೊಡ್ಡಿದರು. ಹೊರಗೆ ಕಾಯುತ್ತಿದ್ದ ರೋಗಿಯೊಬ್ಬ ಒಳಗೆ ಯಾರ ಮದುವೆಯೆಂದು ಕೇಳಿದ. ಉಳಿದ ದಿನಗಳ ಅಭ್ಯಾಸ ಬೀರಪ್ಪನ ಮೇಲೆ ನಡೆಯಿತು.

"ನನ್ನ ಮದುವ್ಯಾಗೂ ಇಷ್ಟ ಕುಂಕುಮ ಬಿದ್ದಿದ್ದಿಲ್ರಿ," ಎಂದರು ಅವರು.

ರಾಜೇಶ್ವರಕ್ಕೆ ನನ್ನನ್ನೂ ಕರೆದಿದ್ದರು. ಮಾಳಮ್ಮ ಮದುಮಗಳ ಗದ್ದ ಹಿಡಿದಾಗ ನಾನು ಮುಂದೆ ಬಗ್ಗಿ ನೋಡಿದೆ. ಕುಂಕುಮ ಎರಡು ಹುಬ್ಬುಗಳ ನಡುವೆ ದುಂಡಗೆ ನಿಂತಿತು. ಆಕೆ ತಿರುಗಿ ತಂಗಿಯನ್ನು ದಿಟ್ಟಿಸಿದರು. "ಯಾಕಬೇ, ಇಷ್ಟ್ಯಾಕ ಮುದುಕಿ ಆಗೀದಿ?" ಈ ಸಲ ಮಂದಿಯ ಜೊತೆಗೆ ಆಕೆಯೂ ನಕ್ಕರು.

ಚಾರ್ಟು ಓದಿದರೆ ಕಣ್ಣು ಬಂತೆಂದು ನಂಬಿದ್ದವನು ನಾನು. ಆಮೇಲೆ ನಿವೃತ್ತಿಯವರೆಗೂ ವಯಸ್ಸಾದವರ ಕಾರ್ಡಿನಲ್ಲಿ ದೃಷ್ಟಿಯ ಅಳತೆಯ ಕೆಳಗೆ ಇನ್ನೊಂದು ಪ್ರಶ್ನೆ ಬರೆದುಕೊಳ್ಳುತ್ತಿದ್ದೆ: ಈ ವಾರ ಯಾರ ಮನೆಗೆ ಹೋಗಿದ್ದಿರಿ? ಅಲ್ಲೊಂದು ಹೆಸರು ಬೀಳುವ ತನಕ 'ಯಶಸ್ವಿ' ಎಂದು ಬರೆಯಲಿಲ್ಲ.