ಮೀನು ಕುಗ್ಗಿಲ್ಲ, ಮೊದಲ ಪುಟ ಕಾಣೆಯಾಗಿದೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೀನು ಇಳಿಸುವ ಕಟ್ಟೆಯ ಮೇಲೆ ಮೊದಲ ದೋಣಿಯ ಬುಟ್ಟಿಗಳು ಬಂದು ಕೂರುತ್ತಿವೆ. ಒಂದು ಕಡೆ ಐಸ್ ಒಡೆಯುವ ಸದ್ದು, ಇನ್ನೊಂದು ಕಡೆ ದರ ಕೂಗುವವರ ಗಂಟಲು. ಈ ಗದ್ದಲದ ನಡುವೆ ಮಗುಚಿ ಹಾಕಿದ ಪ್ಲಾಸ್ಟಿಕ್ ಕ್ರೇಟ್ ಮೇಲೆ ಕೂತ ಹೆಂಗಸೊಬ್ಬರು ಬಂಗುಡೆಯ ಬುಟ್ಟಿಯೊಳಗೆ ಮೊಣಕೈವರೆಗೂ ಕೈ ಇಳಿಸುತ್ತಾರೆ. ಮೇಲಿನ ಮೀನನ್ನು ಅವರು ಮುಟ್ಟುವುದಿಲ್ಲ.

“ಮೇಲಿರೋದು ಗಿರಾಕಿಗೆ ಜೋಡಿಸಿಟ್ಟಿದ್ದು, ಎಲ್ಲಾ ದಪ್ಪದಪ್ಪದ್ದೇ. ನಂಗೆ ಅದು ಬೇಡ. ಅಡಿಯಲ್ಲಿ ಕೈಗೆ ಏನು ಸಿಗುತ್ತೋ ಅದೇ ನನ್ನ ಮೀನು.”

ತೊಡೆಯ ಮೇಲೆ ಮರದ ಹಲಗೆ. ಅದರ ಒಂದು ತುದಿಗೆ ಅಡ್ಡಪಟ್ಟಿ, ಉದ್ದಕ್ಕೂ ಮೊಳೆ ಹೊಡೆದ ಸ್ಟೀಲ್ ಸ್ಕೇಲು. ಮೀನಿನ ಮೂತಿಯನ್ನು ಅಡ್ಡಪಟ್ಟಿಗೆ ತಾಗಿಸಿ, ಬಾಯಿ ಮುಚ್ಚಿಸಿ, ಬಾಲ ಎರಡಾಗಿ ಕವಲೊಡೆಯುವ ಜಾಗಕ್ಕೆ ಹೆಬ್ಬೆರಳಿನ ಉಗುರು ಇಡುತ್ತಾರೆ. “ಇಪ್ಪತ್ತೊಂದು ಎರಡು” ಎಂದು ತಮಗೆ ತಾವೇ ಹೇಳಿಕೊಂಡು, 21.2 ಸೆಂಟಿಮೀಟರ್ ಎಂದು ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆ. ಪೆನ್ನಾದರೆ ನೀರು ಬಿದ್ದು ಕಲಸಿಹೋಗುತ್ತದೆ. ದಿನಕ್ಕೆ ಅರವತ್ತು ಬಂಗುಡೆ, ವಾರಕ್ಕೆ ಆರು ದಿನ. ದೋಣಿ ಇಳಿಯದ ತಿಂಗಳುಗಳನ್ನು ಬಿಟ್ಟರೂ ಹತ್ತೊಂಬತ್ತು ವರ್ಷಗಳಲ್ಲಿ ಎರಡೂವರೆ ಲಕ್ಷ ಮೀನು ಈ ಹಲಗೆಯ ಮೇಲೆ ಮಲಗಿ ಎದ್ದಿದೆ.

ಕಟ್ಟೆಯಲ್ಲಿ ಇವರನ್ನು ಎಲ್ಲರೂ ಪಟ್ಟಿಯಕ್ಕ ಅನ್ನುತ್ತಾರೆ. ಈಗೀಗ ಆ ಕರೆಯುವಿಕೆಯಲ್ಲಿ ಪ್ರೀತಿ ಕಡಿಮೆಯಾಗಿದೆ.

“ಏನ್ ಪಟ್ಟಿಯಕ್ಕ, ಇವತ್ತು ನಮ್ಮ ಮೀನು ಎಷ್ಟು ಕತ್ತರಿಸ್ದೆ?” ಎಂದು ದೋಣಿಯ ಯಜಮಾನನೊಬ್ಬ ಹಾದುಹೋಗುತ್ತಲೇ ಕುಟುಕುತ್ತಾನೆ.

“ನಿನ್ನ ನಾಲಿಗೆ ಅಳೆಯೋಕೆ ಈ ಹಲಗೆ ಸಾಲಲ್ಲ, ಹೋಗಯ್ಯ,” ಎನ್ನುತ್ತಾರೆ ಅಕ್ಕ. ಆತ ನಗುತ್ತಾನೆ. ಇವರು ನಗುವುದಿಲ್ಲ.

ಆ ಕುಟುಕಿಗೆ ಕಾರಣ ಐಸ್ ಕೋಣೆಯ ಗೋಡೆಯ ಮೇಲಿದೆ. ನಾಲ್ಕು ತಿಂಗಳ ಹಿಂದೆ ಮೀನುಗಾರಿಕೆ ಇಲಾಖೆ ಅಲ್ಲೊಂದು ಆದೇಶ ಅಂಟಿಸಿದೆ: ಎರಡು ದಶಕಗಳಲ್ಲಿ ಬಂಗುಡೆಯ ಸರಾಸರಿ ಉದ್ದ ಹತ್ತರಲ್ಲಿ ಒಂದು ಪಾಲು ಕುಗ್ಗಿದೆ, ಎಳೆಯ ಮೀನನ್ನೇ ಹಿಡಿಯಲಾಗುತ್ತಿದೆ, ಆದ್ದರಿಂದ ಸಣ್ಣ ದೋಣಿಗಳು ವರ್ಷದಲ್ಲಿ ಇನ್ನೂ ಎರಡು ತಿಂಗಳು ದಡದ ಹತ್ತಿರ ಬಲೆ ಬಿಡುವಂತಿಲ್ಲ. ಈ ವರ್ಷಕ್ಕೆ ಅದು ತಾತ್ಕಾಲಿಕ. ಮುಂದಿನ ತಿಂಗಳ ವಿಚಾರಣೆಯಲ್ಲಿ ಒಪ್ಪಿಗೆ ಸಿಕ್ಕರೆ ಕಾಯಂ. ಆದೇಶದ ಕೆಳಗೆ ಒಂದು ನಕ್ಷೆಯೂ ಇದೆ. ಉದ್ದದ ಗೆರೆ ವರ್ಷಗಟ್ಟಲೆ ಸಮನಾಗಿ ಬಂದು, ಒಂದೇ ಒಂದು ವರ್ಷದಲ್ಲಿ ಮೆಟ್ಟಿಲಿನಂತೆ ಕೆಳಗಿಳಿದು, ಆಮೇಲೆ ಮತ್ತೆ ಸಮನಾಗಿ ಸಾಗುತ್ತದೆ.

ಪಟ್ಟಿಯಕ್ಕ ಆ ಮೆಟ್ಟಿಲಿನ ಮುಂದೆ ಬಹಳ ಹೊತ್ತು ನಿಂತಿದ್ದರು. “ವರ್ಷ ನೋಡ್ದೆ. ನಾನು ಅತ್ತೆ ಕೈಯಿಂದ ಹಲಗೆ ತಗೊಂಡ ವರ್ಷ ಅದು. ಅದು ಮೀನಲ್ಲ ಕಣಮ್ಮ, ನಾನು,” ಎಂದು ನನಗೆ ಹೇಳುತ್ತಾರೆ.

ವಿಷಯ ಇಷ್ಟೇ. ಅವರಿಗಿಂತ ಮೊದಲು ಹದಿನಾಲ್ಕು ವರ್ಷ ಇದೇ ಕಟ್ಟೆಯಲ್ಲಿ ಮೀನು ಅಳೆದವರು ಅವರ ಅತ್ತೆ. ಅತ್ತೆ ಅಳೆದದ್ದು ಮೂತಿಯಿಂದ ಬಾಲದ ತುದಿಯವರೆಗೆ. ಸೊಸೆ ಕೆಲಸಕ್ಕೆ ಕೂತ ವಾರ ಸಂಶೋಧನಾ ಸಂಸ್ಥೆಯಿಂದ ತರಬೇತಿಗೆ ಬಂದ ಅಧಿಕಾರಿ, ಐಸಿನಲ್ಲಿ ಬಾಲದ ತುದಿ ಮುರಿಯುತ್ತದೆ, ಇನ್ನು ಮೇಲೆ ಕವಲಿನವರೆಗೆ ಮಾತ್ರ ಅಳೆಯಿರಿ ಎಂದರು. ಇವರು ಅದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದು, ತಾರೀಖು ಹಾಕಿ, ಆ ಅಧಿಕಾರಿಯ ಸಹಿಯನ್ನೂ ಹಾಕಿಸಿಕೊಂಡರು. ಅಂದಿನಿಂದ ಹತ್ತೊಂಬತ್ತು ಪುಸ್ತಕಗಳ ಮೊದಲ ಪುಟದಲ್ಲೂ ಅದೇ ಸಾಲು ಇದೆ. ತುದಿಗೂ ಕವಲಿಗೂ ನಡುವೆ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಅಂತರ. ನಕ್ಷೆಯಲ್ಲಿ ಮೀನು ಕುಗ್ಗಿರುವುದೂ ಅಷ್ಟೇ.

ಪುಸ್ತಕಗಳನ್ನು ಸಂಸ್ಥೆಯವರು ಒಯ್ದು, ಅಂಕಿಗಳನ್ನು ಅತ್ತೆಯ ಕಾಲದ ಅಂಕಿಗಳ ಜೊತೆಗೇ ಕಂಪ್ಯೂಟರಿಗೆ ಏರಿಸಿ, ದೇಶವಿದೇಶದ ಸಂಶೋಧಕರು ಬಳಸುವ ದೊಡ್ಡ ಡೇಟಾಬೇಸಿಗೆ ಸೇರಿಸಿ, ಪುಸ್ತಕಗಳನ್ನು ವಾಪಸು ಕಳಿಸಿದ್ದಾರೆ. ಮೊದಲ ಪುಟವನ್ನು ಏರಿಸಿಲ್ಲ. ಅದರಲ್ಲಿ ಅಂಕಿ ಇಲ್ಲವಲ್ಲ!

ಆ ಡೇಟಾಬೇಸಿಗೆ ಹದಿನಾಲ್ಕು ಪುಟಗಳ ನಿಯಮಾವಳಿಯಿದೆ. ನಾನು ಮೂರು ಸಲ ಓದಿದೆ. ಜೊತೆಗಿರುವ ಟಿಪ್ಪಣಿಯನ್ನು ಓದದೆ ಅಂಕಿಗಳನ್ನು ಬಳಸಬಾರದು ಎನ್ನುತ್ತದೆ ಒಂದು ನಿಯಮ. ಒಳ್ಳೆಯ ನಿಯಮ. ಆದರೆ ಈ ಕಟ್ಟೆಯ ಅಂಕಿಗಳ ಎದುರು ಟಿಪ್ಪಣಿಯ ಜಾಗದಲ್ಲಿ ‘ಇಲ್ಲ’ ಎಂದಿದೆ. ಬಳಸುವವರು ಅಂಕಿ ಕೊಟ್ಟವರನ್ನು ತಪ್ಪದೆ ಸ್ಮರಿಸಬೇಕು ಎನ್ನುತ್ತದೆ ಇನ್ನೊಂದು. ಅದೂ ಒಳ್ಳೆಯದೇ. ಆದರೆ ‘ಕೊಟ್ಟವರು’ ಎಂದರೆ ಏರಿಸಿದ ಸಂಸ್ಥೆ. ಮೀನಿನ ಮುಳ್ಳು ಚುಚ್ಚಿಸಿಕೊಂಡು ಮುಂಜಾನೆ ಕೂತವರು ಅಲ್ಲಿ ‘ಅಳತೆಗಾರ 03’. ತಪ್ಪು ತಿದ್ದಿ ಎಂದು ಕೇಳುವ ಹಕ್ಕು ಯಾರಿಗೆ? ‘ಕೊಟ್ಟವರಿಗೆ’ ಮಾತ್ರ. ತಮ್ಮ ಕೈಬರಹದ ಅಂಕಿಗಳನ್ನು ತೆರೆದು ನೋಡಲೂ ಅಕ್ಕನಿಗೆ ಯಾವುದಾದರೂ ಸಂಸ್ಥೆಯ ಇಮೇಲ್ ವಿಳಾಸ ಬೇಕು.

ಅವರು ಸಂಸ್ಥೆಗೆ ನಾಲ್ಕು ಪತ್ರ ಬರೆದಿದ್ದಾರೆ. ಉತ್ತರ ಇಲ್ಲ. ತರಬೇತಿ ಕೊಟ್ಟ ಅಧಿಕಾರಿ ಎಂದೋ ನಿವೃತ್ತರಾಗಿ ಊರು ಬಿಟ್ಟಿದ್ದಾರೆ. ಮೊನ್ನೆ ನನ್ನೆದುರೇ ಸಂಸ್ಥೆಗೆ ಫೋನು ಮಾಡಿ, ಕೈಗಳು ಒದ್ದೆಯಿದ್ದುದರಿಂದ ಸ್ಪೀಕರಿಗೆ ಹಾಕಿ ಕ್ರೇಟಿನ ಮೇಲಿಟ್ಟರು.

“ಯಾವ ಸಂಸ್ಥೆಯಿಂದ ಮೇಡಂ?” ಅತ್ತ ಕಡೆಯಿಂದ ಒಬ್ಬ ಅಧಿಕಾರಿ.

“ಕಟ್ಟೆಯಿಂದ ಸಾರ್. ಅಳತೆಗಾರ ಸೊನ್ನೆ ಮೂರು ನಾನೇ.”

“ನೀವೇ ಅಂತ ನಮಗೆ ಹೇಗೆ ಗೊತ್ತಾಗ್ಬೇಕು? ಖಾಸಗಿತನ ಕಾಪಾಡೋಕೆ ಅಂತ ಹೆಸರುಗಳನ್ನೆಲ್ಲ ತೆಗೆದಿದ್ದೀವಿ.”

“ನನ್ನ ಹೆಸರು ನನ್ನಿಂದಲೇ ಕಾಪಾಡ್ತಿದ್ದೀರಾ ಸಾರ್?”

“ನಿಯಮ ಮೇಡಂ. ನೋಂದಣಿ ಮಾಡ್ಕೊಳ್ಳಿ,” ಎಂಬ ಉತ್ತರ. ಫೋನು ಕಟ್.

ಎರಡೂವರೆ ಲಕ್ಷ ಸಲ ಬಗ್ಗಿದ ಬೆನ್ನಿಗೆ ಸಿಕ್ಕ ಮರ್ಯಾದೆ ಇದು. ಆ ಅಂಕಿಗಳ ಮೇಲೆ ಪ್ರಬಂಧ ಬರೆದವರಲ್ಲಿ, ಆದೇಶ ಹೊರಡಿಸಿದವರಲ್ಲಿ ಒಬ್ಬರಾದರೂ ಕಟ್ಟೆಗೆ ಬಂದು ‘ಅಮ್ಮಾ, ಆ ವರ್ಷ ಏನಾಯಿತು?’ ಎಂದು ಕೇಳಿದ್ದರೆ ಸಾಕಿತ್ತು. ಒಂದು ನಿಮಿಷದ ಮಾತು. ಅದನ್ನು ಕೇಳದೆ ನಲವತ್ತು ದೋಣಿಗಳನ್ನು ದಡದಲ್ಲಿ ಕಟ್ಟಿಹಾಕಲು ಹೊರಟಿದ್ದಾರೆ.

ಕಟ್ಟೆಯ ಹಿಂದಿನ ಓಣಿಯಲ್ಲಿ ಅಕ್ಕನ ಮನೆ. ಎರಡು ಕೋಣೆ, ಒಂದು ಕಿಟಕಿ. ಹತ್ತೊಂಬತ್ತು ಪುಸ್ತಕಗಳೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಮಂಚದ ಕೆಳಗಿವೆ. ಮಂಚದ ಮೇಲೆ ಎಂಬತ್ತು ದಾಟಿದ ಅತ್ತೆ. ಕಣ್ಣು ಮಂಜು, ನಾಲಗೆ ಚುರುಕು.

“ಮೀನು ಎಲ್ಲಿ ಕುಗ್ತು? ಸೊಸೆ ಬಂದ್ಳು, ಅಷ್ಟೇ,” ಎಂದು ಅವರು ಸದ್ದು ಮಾಡಿ ನಗುತ್ತಾರೆ.

“ಅತ್ತೆ, ನೀವು ಇದನ್ನ ವಿಚಾರಣೆಯಲ್ಲಿ ಹೇಳ್ಬೇಡಿ ಮತ್ತೆ.”

“ಕರ್ಕೊಂಡ್ಹೋಗು, ಹೇಳ್ತೀನಿ. ಯಾರಿಗೆ ಹೆದರ್ಬೇಕು?”

ಅಕ್ಕ ಸುಮ್ಮನೆ ಕೂತಿಲ್ಲ. ಆದೇಶ ಅಂಟಿದ ಮರುದಿನದಿಂದಲೇ ಪ್ರತಿ ಮೀನನ್ನೂ ಎರಡು ಸಲ ಅಳೆಯುತ್ತಿದ್ದಾರೆ, ಒಮ್ಮೆ ಕವಲಿಗೆ, ಒಮ್ಮೆ ತುದಿಗೆ. ಬಾಲ ಮುರಿದ ಮೀನಿಗೆ ಗುಣಿಸು ಗುರುತು. ಕೆಲಸ ಎರಡರಷ್ಟಾಗಿದೆ. ಅಳೆಯಿರಿ ಎಂದು ಹೇಳಿದವರು ಯಾರೂ ಇಲ್ಲ. ತುದಿಯ ಲೆಕ್ಕದಲ್ಲಿ ಇಂದಿನ ಬಂಗುಡೆ ಅತ್ತೆಯ ಕಾಲದ ಬಂಗುಡೆಯಷ್ಟೇ ಉದ್ದ ಇದೆ. ಹಾಗೆಂದು ಎಲ್ಲವೂ ಸರಿಯಿದೆ ಎಂದೂ ಅವರು ವಾದಿಸುವುದಿಲ್ಲ.

“ಮೀನು ಕಮ್ಮಿ ಆಗಿದೆ ಅಂದ್ರೆ ಒಪ್ತೀನಿ, ಬುಟ್ಟಿ ಎಣಿಸ್ದೋಳೂ ನಾನೇ. ದೋಣಿಯೋರು ಬೈದ್ರೂ ಅದನ್ನ ಹೇಳ್ತೀನಿ. ಗಿಡ್ಡ ಆಗಿದೆ ಅಂದ್ರೆ ಮಾತ್ರ ಒಪ್ಪಲ್ಲ.”

ವಿಚಾರಣೆಯಲ್ಲಿ ಮಾತಾಡಲು ಇವರ ಹೆಸರು ಪಟ್ಟಿಯಲ್ಲಿಲ್ಲ. ಆದರೂ ಹೋಗುತ್ತಾರೆ, ಅಧಿಕಾರಿಯ ಸಹಿಯಿರುವ ಮೊದಲ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು. ಡೇಟಾಬೇಸಿನಲ್ಲಿ ನಿಮ್ಮ ಹೆಸರು ಬರಬೇಕಲ್ಲವೇ ಎಂದು ಕೇಳಿದೆ. ಅವರು ಇನ್ನೊಂದು ಮೀನಿನ ಮೂತಿಯನ್ನು ಅಡ್ಡಪಟ್ಟಿಗೆ ತಾಗಿಸಿದರು. ಕವಲಿಗೆ ಇಪ್ಪತ್ತು ಎಂಟು. ತುದಿಗೆ ಇಪ್ಪತ್ಮೂರು ಒಂದು. ಎರಡನ್ನೂ ಪಕ್ಕಪಕ್ಕ ಬರೆದ ಮೇಲೆ ಮಾತಾಡಿದರು.

“ಹೆಸರು ಹಾಕಿದ್ರೆ ಹಾಕ್ಲಿ, ಬಿಟ್ರೆ ಬಿಡ್ಲಿ. ಹತ್ತೊಂಬತ್ತು ವರ್ಷದಲ್ಲಿ ಒಂದು ಮೀನನ್ನೂ ನಾನು ಉದ್ದ ಮಾಡಿಲ್ಲ, ಗಿಡ್ಡ ಮಾಡಿಲ್ಲ. ನನ್ನ ಪುಸ್ತಕ ಓದೋರು ಮೊದಲ ಪುಟದಿಂದ ಓದ್ಲಿ. ಅಷ್ಟೇ ನಾನು ಕೇಳೋದು.”